ಚಂದ್ರನ ಇರುಳಿನಲ್ಲಿ ಮಲಗಿದ ಬ್ಯಾಟರಿ

ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ ಹಾವೇರಿಯ ಒಂದು ಪ್ರೌಢಶಾಲೆಯಲ್ಲಿ ನಾಲ್ಕು ಮಾತು ಹೇಳಲು ನಾವು ಹೋಗಿದ್ದೆವು. ಮಾತು ಸಹಜವಾಗಿಯೇ ಚಂದ್ರಯಾನ-3ರ ಕಡೆಗೆ ಹೊರಳಿತು. 2023ನೆಯ ಆಗಸ್ಟ್ 23ರ ಸಂಜೆ ವಿಕ್ರಮ್ ಎಂಬ ಇಳಿನೌಕೆಯು ಚಂದ್ರನ ದಕ್ಷಿಣ ಭಾಗದಲ್ಲಿ, 69 ಡಿಗ್ರಿ ಅಕ್ಷಾಂಶದ ಬಳಿ, ನೆಲವನ್ನು ಮೆಲ್ಲನೆ ಮುಟ್ಟಿದುದನ್ನು ಬಣ್ಣಿಸಿದೆವು. ಅದರ ಒಡಲಿನಿಂದ ಇಳಿದ, 26 ಕಿಲೋಗ್ರಾಂ ತೂಕದ ಪ್ರಜ್ಞಾನ್ ಬಂಡಿಯು ನೂರು ಮೀಟರಿಗೂ ಹೆಚ್ಚು ದೂರ ಸಂಚರಿಸಿದುದನ್ನು ಹೇಳಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮಲಗಿಸೂ ಮುಂದ ಬ್ಯಾಟರಿ ತುಂಬಿತ್ತಂತಲ್ರಿ, ಮತ್ಯಾಕ ಏಳಲಿಲ್ಲ?" ಎಂದು ಕೇಳಿದಳು.

ಹುಡುಗಿ ಹೇಳಿದುದು ಸರಿಯಾಗಿಯೇ ಇದ್ದಿತು. ಸೆಪ್ಟೆಂಬರ್ 2ರಂದು ಪ್ರಜ್ಞಾನ್ ಬಂಡಿಯನ್ನೂ 4ರಂದು ವಿಕ್ರಮ್ ನೌಕೆಯನ್ನೂ ನಿದ್ರೆಗೆ ಕಳುಹಿಸಲಾಯಿತು. ಬಂಡಿಯ ಬ್ಯಾಟರಿ ಪೂರ್ಣವಾಗಿ ತುಂಬಿದೆ, ಮುಂದಿನ ಸೂರ್ಯೋದಯದ ಬೆಳಕು ಬೀಳುವಂತೆ ಅದರ ಸೌರಫಲಕವನ್ನು ತಿರುಗಿಸಿ ನಿಲ್ಲಿಸಿದೆ ಎಂದು ಇಸ್ರೋ ಆಗ ಪ್ರಕಟಿಸಿತ್ತು. ಸೆಪ್ಟೆಂಬರ್ 22ರ ಹೊತ್ತಿಗೆ ಅಲ್ಲಿ ಬೆಳಗಾಯಿತು. ಭೂಮಿಯಿಂದ ಕರೆಯ ಮೇಲೆ ಕರೆ ಹೋಯಿತು. ಉತ್ತರ ಬರಲಿಲ್ಲ.

"ಚಳಿಯ ದೆಸೆಯಿಂದ" ಎಂದು ನಾವು ಉತ್ತರ ಕೊಟ್ಟೆವು. ಹುಡುಗಿ ಕುಳಿತುಕೊಂಡಳಾದರೂ ಅವಳ ಮುಖದಲ್ಲಿ ತೃಪ್ತಿ ಕಾಣಲಿಲ್ಲ. ಅದು ನ್ಯಾಯವೇ ಆಗಿತ್ತು. ತುಂಬಿದ ಕೊಡವನ್ನು ಚಳಿಯಲ್ಲಿಟ್ಟರೆ ಅದರೊಳಗಿನ ನೀರು ಎಲ್ಲಿಗೂ ಹೋಗುವುದಿಲ್ಲವಷ್ಟೆ. ಹಾಗಿರುವಾಗ ತುಂಬಿದ ಬ್ಯಾಟರಿಗೆ ಚಳಿ ಏನು ಮಾಡೀತು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾವು ಬೆಂಗಳೂರಿನ ಕಡೆಗೆ ಹಿಂದಿರುಗಿದೆವು. ದಾರಿಯಲ್ಲಿ ಬ್ಯಾಡಗಿಯಲ್ಲೂ ರಾಣೆಬೆನ್ನೂರಿನಲ್ಲೂ ನಮಗೆ ಕೆಲಸವಿದ್ದಿತು. ಉತ್ತರದ ಎರಡು ತುಂಡುಗಳು ಆ ಎರಡು ಊರುಗಳಲ್ಲಿಯೇ ದೊರೆತವೆಂದರೆ ವಾಚಕರು ನಗಬಾರದು.

ಬ್ಯಾಡಗಿಯ ತಣ್ಣನೆಯ ಕೋಣೆ

ಬ್ಯಾಡಗಿಯ ಮೆಣಸಿನಕಾಯಿಯನ್ನು ಅರಿಯದ ಕನ್ನಡಿಗರಿಲ್ಲ. ಮೈಯೆಲ್ಲ ಸುಕ್ಕು, ಖಾರ ಮಿತ, ಬಣ್ಣ ಮಾತ್ರ ಕಡುಗೆಂಪು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಅದರ ಬೆಲೆ ನಿಂತಿರುವುದು ಬಣ್ಣದ ಮೇಲೆ. ಬಣ್ಣವನ್ನು ಕೊಡುವುದು ಕ್ಯಾಪ್ಸಾಂತಿನ್ ಮೊದಲಾದ ವರ್ಣದ್ರವ್ಯಗಳು. ಗಾಳಿಯಲ್ಲಿರುವ ಆಮ್ಲಜನಕ ಈ ದ್ರವ್ಯಗಳನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಕೆಡಿಸುತ್ತದೆ. ಬೆಳಕು, ಸೆಕೆಗಳು ಆ ಕೇಡಿಗೆ ನೆರವಾಗುತ್ತವೆ. ಆದುದರಿಂದಲೇ ಊರಿನ ಸುತ್ತ ಶೀತಲಗೃಹಗಳು ಎದ್ದಿವೆ. ಸುಗ್ಗಿಯಲ್ಲಿ ಬಂದ ಮಾಲನ್ನು ಚೀಲಗಳಲ್ಲಿ ತುಂಬಿ ಅಲ್ಲಿ ಪೇರಿಸಿಟ್ಟರೆ, ತಿಂಗಳುಗಳು ಕಳೆದರೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ಅಂತಹ ಒಂದು ಗೃಹದೊಳಕ್ಕೆ ನಾವು ಕಾಲಿಟ್ಟೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದಿತು. ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡೊಡನೆ ಮೈ ನಡುಗಿತು. ಒಳಗಿನ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಲವೇ ಡಿಗ್ರಿ ಮೇಲೆ. ಇಲ್ಲಿ ಚಳಿ ಮಾಡುವ ಕೆಲಸವೇನು? ಆಮ್ಲಜನಕವನ್ನು ಅದು ಹೊರಗಟ್ಟುವುದಿಲ್ಲ, ವರ್ಣದ್ರವ್ಯಕ್ಕೆ ಏನನ್ನೂ ಸೇರಿಸುವುದಿಲ್ಲ. ಎರಡರ ನಡುವಣ ರಾಸಾಯನಿಕ ಕ್ರಿಯೆಯ ನಡಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಇಳಿಯುವುದೆಂಬ ಒಂದು ಒರಟು ಲೆಕ್ಕವುಂಟು. ಒಳಗೂ ಹೊರಗೂ ಮೂವತ್ತು ಡಿಗ್ರಿ ಅಂತರವಿದ್ದಲ್ಲಿ, ಹೊರಗೆ ಒಂದು ತಿಂಗಳಲ್ಲಿ ಆಗುವ ಕೇಡಿಗೆ ಒಳಗೆ ಎಂಟು ತಿಂಗಳು ಬೇಕಾಗುತ್ತದೆ.

ಬ್ಯಾಟರಿಯೂ ರಾಸಾಯನಿಕ ಕ್ರಿಯೆಯಿಂದಲೇ ಬದುಕುವ ವಸ್ತು. ಅದರ ಎರಡು ಧ್ರುವಗಳಲ್ಲಿ ಕ್ರಿಯೆ ನಡೆದರೆ ಮಾತ್ರ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಕ್ರಿಯೆ ನಿಧಾನವಾದರೆ ಪ್ರವಾಹವೂ ಕ್ಷೀಣ. ಮೆಣಸಿನಕಾಯಿಗೆ ವರವಾದ ಚಳಿ ಬ್ಯಾಟರಿಯ ದುಡಿಮೆಗೆ ಶಾಪವಾಗುವುದು ಹೀಗೆ. ಆದರೆ ಒಂದು ಅಂಶವನ್ನು ಮರೆಯಬಾರದು. ನಿಂತುಹೋಗುವುದು ದುಡಿಮೆಯೇ ಹೊರತು ದಾಸ್ತಾನಲ್ಲ. ಕೊಡದ ನೀರು ಇದ್ದಂತೆಯೇ ಇರುತ್ತದೆ, ಅದರ ಬಾಯಿ ಮಾತ್ರ ಮುಚ್ಚಿಕೊಳ್ಳುತ್ತದೆ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಬಗೆಯ, ತಂತಿ ಬಲ್ಬಿನ ಟಾರ್ಚಿಗೆ ಹಾಕುವ ಸಾಮಾನ್ಯ ಒಣಕೋಶಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಒಂದು ರಾತ್ರಿ ಇಡಿರಿ. ಬೆಳಿಗ್ಗೆ ತೆಗೆದು ಕೂಡಲೇ ಟಾರ್ಚಿಗೆ ಹಾಕಿದರೆ ಬೆಳಕು ಮಂಕಾಗಿರುತ್ತದೆ, ಇಲ್ಲವೆ ಬಾರದೆಯೇ ಹೋಗುತ್ತದೆ. ಅವೇ ಕೋಶಗಳನ್ನು ಒರಸಿ ಒಂದೆರಡು ಗಂಟೆ ಹೊರಗಿಟ್ಟು ಮತ್ತೆ ಹಾಕಿ ನೋಡಿರಿ. ಹಿಂದಿನ ಬೆಳಕು ಮರಳಿರುತ್ತದೆ. ಮರುತುಂಬುವ ಲಿಥಿಯಂ ಬ್ಯಾಟರಿಗಳ ಮೇಲೆ ಮಾತ್ರ ಈ ಪ್ರಯೋಗವನ್ನು ಮಾಡಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಕೋಶದೊಳಗಿನ ಸಂಚಾರ

ಇಂದಿನ ಆಕಾಶನೌಕೆಗಳಲ್ಲಿ ಹೆಚ್ಚಾಗಿ ಬಳಸುವುದು ನಮ್ಮ ಫೋನುಗಳಲ್ಲಿರುವ ಜಾತಿಯ ಲಿಥಿಯಂ ಕೋಶಗಳನ್ನೇ. ಇದರ ಋಣಧ್ರುವ ಗ್ರಾಫೈಟ್, ಎಂದರೆ ಪೆನ್ಸಿಲಿನ ಕಡ್ಡಿಯಲ್ಲಿರುವ ಇಂಗಾಲ. ಅದರ ಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಬ್ಯಾಟರಿ ತುಂಬಿದಾಗ ಲಿಥಿಯಂ ಆ ಹಾಳೆಗಳ ನಡುವೆ ಸೇರಿಕೊಂಡಿರುತ್ತದೆ. ನಾವು ವಿದ್ಯುತ್ತನ್ನು ಬಳಸತೊಡಗಿದೊಡನೆ ಲಿಥಿಯಂ ಅಯಾನುಗಳು ಹಾಳೆಗಳಿಂದ ಹೊರಬಂದು, ನಡುವಣ ದ್ರವದಲ್ಲಿ ಈಜಿ, ಧನಧ್ರುವವನ್ನು ಸೇರುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಹೋಗಿ ಅದೇ ಊರನ್ನು ತಲುಪುತ್ತವೆ. ಮತ್ತೆ ತುಂಬುವಾಗ ಈ ಪಯಣವೆಲ್ಲ ಹಿಂದುಮುಂದು.

ಚಳಿ ಈ ಪಯಣವನ್ನು ಎರಡು ಕಡೆಗಳಲ್ಲಿ ತಡೆಯುತ್ತದೆ. ಮೊದಲನೆಯದು ದ್ರವದಲ್ಲಿ. ತಣ್ಣಗಾದಂತೆ ಅದು ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಮಂದವಾಗಿ, ಕೊನೆಗೆ ಗಟ್ಟಿಯಾಗುತ್ತದೆ. ಎರಡನೆಯದು ಗ್ರಾಫೈಟಿನ ಹೊಸಿಲಿನಲ್ಲಿ. ದ್ರವದಲ್ಲಿ ಈಜುವ ಅಯಾನು ತನ್ನ ಸುತ್ತ ದ್ರವದ ಅಣುಗಳನ್ನು ಕಂಬಳಿಯಂತೆ ಹೊದ್ದಿರುತ್ತದೆ. ಹಾಳೆಗಳ ನಡುವೆ ನುಗ್ಗಬೇಕಾದರೆ ಆ ಕಂಬಳಿಯನ್ನು ಕಳಚಬೇಕು. ಕಳಚಲು ಶಕ್ತಿ ಬೇಕು. ಚಳಿಯಲ್ಲಿ ಆ ಶಕ್ತಿ ಸಾಲದೆ ಅಯಾನುಗಳು ಬಾಗಿಲಲ್ಲಿಯೇ ಗುಂಪುಗೂಡುತ್ತವೆ. ಹೀಗಿರುವಾಗ ಒತ್ತಾಯದಿಂದ ಬ್ಯಾಟರಿಯನ್ನು ತುಂಬಹೊರಟರೆ ಲಿಥಿಯಂ ಒಳಗೆ ಹೋಗದೆ ಗ್ರಾಫೈಟಿನ ಹೊರಮೈಯಲ್ಲಿ ಲೋಹವಾಗಿ ಕೂಡುತ್ತದೆ, ಸೂಜಿಗಳಂತೆ ಬೆಳೆಯುತ್ತದೆ. ಸೂಜಿಯೊಂದು ಎದುರಿನ ಧ್ರುವವನ್ನು ಮುಟ್ಟಿದರೆ ಕೋಶ ಒಳಗೊಳಗೇ ಸುಟ್ಟುಕೊಳ್ಳುತ್ತದೆ. ತಣ್ಣಗಿರುವ ಲಿಥಿಯಂ ಬ್ಯಾಟರಿಯಿಂದ ವಿದ್ಯುತ್ತನ್ನು ಪಡೆಯುವುದಕ್ಕಿಂತ ಅದಕ್ಕೆ ವಿದ್ಯುತ್ತನ್ನು ತುಂಬುವುದು ಹೆಚ್ಚು ಅಪಾಯಕರ.

ಹಾಗಾದರೆ ಗಟ್ಟಿಯಾಗದ ದ್ರವವನ್ನೇ ಹಾಕಬಾರದೆ? ರಸಾಯನಶಾಸ್ತ್ರಜ್ಞರ ಇಕ್ಕಟ್ಟು ಇರುವುದು ಇಲ್ಲಿಯೇ. ಈ ಕೋಶಗಳ ದ್ರವದಲ್ಲಿ ಎಥಿಲೀನ್ ಕಾರ್ಬೊನೇಟ್ ಎಂಬ ವಸ್ತು ಮುಖ್ಯವಾದುದು. ಅದು ಗ್ರಾಫೈಟಿನ ಮೇಲೆ ತೆಳುವಾದ ಒಂದು ರಕ್ಷಾಪೊರೆಯನ್ನು ಕಟ್ಟುತ್ತದೆ. ಆ ಪೊರೆಯಿಲ್ಲದೆ ಗ್ರಾಫೈಟ್ ಬಾಳುವುದಿಲ್ಲ. ಆದರೆ ಶುದ್ಧ ಎಥಿಲೀನ್ ಕಾರ್ಬೊನೇಟ್ 36 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಗಟ್ಟಿಯಾಗುತ್ತದೆ! ಹಾವೇರಿಯ ಬಹುಪಾಲು ದಿನಗಳಲ್ಲಿ ಅದು ಕಲ್ಲುಸಕ್ಕರೆಯಂತೆ ಕುಳಿತಿರುತ್ತದೆ. ಆದಕಾರಣ ಬೇರೆ ತೆಳುದ್ರವಗಳನ್ನು ಕೂಡಿಸಿ ಅದನ್ನು ಕರಗಿಸಿಡುತ್ತಾರೆ. ಎಸ್ಟರುಗಳೆಂಬ ಬಳಗದಲ್ಲಿ ಸೊನ್ನೆಗಿಂತ 80-90 ಡಿಗ್ರಿ ಕೆಳಗೂ ಹರಿಯುವ ದ್ರವಗಳುಂಟು. ಹಣ್ಣುಗಳಿಗೆ ಕಂಪನ್ನು ಕೊಡುವ ವಸ್ತುಗಳಲ್ಲಿ ಅನೇಕವು ಇದೇ ಬಳಗದವು. ಈಥೈಲ್ ಬ್ಯುಟಿರೇಟ್ ಎಂಬುದು ಅನಾನಸಿನಂತೆಯೇ ಕಂಪು ಸೂಸುತ್ತದೆ. ಆದರೆ ಇವು ಹೆಚ್ಚಾದರೆ ರಕ್ಷಾಪೊರೆ ದುರ್ಬಲವಾಗುತ್ತದೆ, ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಒಂದು ಕಡೆ ಪೊರೆ, ಇನ್ನೊಂದು ಕಡೆ ಹರಿವು. ಎರಡಕ್ಕೂ ಸಲ್ಲುವ ಹದವನ್ನು ಹುಡುಕುವುದೇ ಶೀತದ ಬ್ಯಾಟರಿಯ ವಿನ್ಯಾಸ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ಇಂತಹ ಹದಗಳ ಮೇಲೆ ಬಹುಕಾಲ ದುಡಿದಿದ್ದಾರೆ. 2018ರ ನವೆಂಬರಿನಲ್ಲಿ ಮಂಗಳದಲ್ಲಿ ಇಳಿದ ಇನ್‌ಸೈಟ್ ನೌಕೆಯ ಕೋಶಗಳಲ್ಲಿ ಮೀಥೈಲ್ ಪ್ರೊಪಿಯೊನೇಟ್ ಎಂಬ ಎಸ್ಟರನ್ನು ಬೆರೆಸಿದ್ದರು. ಆ ಬ್ಯಾಟರಿ ಸೊನ್ನೆಗಿಂತ 30 ಡಿಗ್ರಿ ಕೆಳಗೂ ದುಡಿಯಬಲ್ಲುದಾಗಿತ್ತು.

ಮೂವತ್ತು ಡಿಗ್ರಿ ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಚಂದ್ರನ ಇರುಳಿನಲ್ಲಿ ನೆಲದ ಉಷ್ಣತೆ ಸೊನ್ನೆಗಿಂತ 170 ಡಿಗ್ರಿಗೂ ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಈ ಹದಗಳಲ್ಲಿ ಒಂದಾದರೂ ದ್ರವವಾಗಿ ಉಳಿಯುವುದಿಲ್ಲ. ಉಳಿದ ದಾರಿ ಬ್ಯಾಟರಿಯನ್ನು ಬೆಚ್ಚಗಿಡುವುದು.

ಬೆಚ್ಚಗಿಡುವ ಲೆಕ್ಕ

ಮಂಗಳದಲ್ಲಿ ಇದು ಸಾಧ್ಯವಾಗಿದೆ. ಚಂದ್ರನಲ್ಲಿ ಕಷ್ಟ. ಕಾರಣ ಚಳಿಗಿಂತ ಹೆಚ್ಚಾಗಿ ಇರುಳಿನ ಉದ್ದದಲ್ಲಿದೆ. ಒಂದು ಸಣ್ಣ ಲೆಕ್ಕವನ್ನು ನೋಡೋಣ.

ಚೆನ್ನಾಗಿ ಹೊದಿಸಿದ ಪೆಟ್ಟಿಗೆಯೊಳಗೆ ಬ್ಯಾಟರಿಯನ್ನು ಇಟ್ಟು, ಅದನ್ನು ಬೆಚ್ಚಗಿಡಲು ಕೇವಲ 10 ವ್ಯಾಟಿನ ಕಾವು ಸಾಕೆಂದು ಭಾವಿಸೋಣ. ಮಂಗಳದ ದಿನ ನಮ್ಮ ದಿನಕ್ಕಿಂತ ಸುಮಾರು ನಲವತ್ತು ನಿಮಿಷಗಳಷ್ಟೇ ಹೆಚ್ಚು. ಇರುಳು ಹನ್ನೆರಡು ಗಂಟೆಗಿಂತ ತುಸು ದೊಡ್ಡದು. ಬೇಕಾಗುವ ಶಕ್ತಿ ಸುಮಾರು 123 ವ್ಯಾಟ್-ಗಂಟೆ. ಒಂದು ಕಿಲೋಗ್ರಾಂ ಲಿಥಿಯಂ ಬ್ಯಾಟರಿ 150 ವ್ಯಾಟ್-ಗಂಟೆ ಕೊಡುವುದೆಂದು ಎಣಿಸಿದರೆ, ಒಂದು ಕಿಲೋಗ್ರಾಮಿಗೂ ಕಡಮೆ ತೂಕದಲ್ಲಿ ಕೆಲಸ ಮುಗಿಯಿತು. ಚಂದ್ರನ ಇರುಳಾದರೋ ನಮ್ಮ ಹದಿನಾಲ್ಕು ಮುಕ್ಕಾಲು ದಿನ, ಎಂದರೆ 354 ಗಂಟೆ. ಬೇಕಾದ ಶಕ್ತಿ 3,540 ವ್ಯಾಟ್-ಗಂಟೆ. ಅದಕ್ಕಾಗಿ ಹೊರಬೇಕಾದ ಬ್ಯಾಟರಿ ಸುಮಾರು 24 ಕಿಲೋಗ್ರಾಂ. ಪ್ರಜ್ಞಾನ್ ಬಂಡಿಯ ಒಟ್ಟು ತೂಕವೇ 26 ಕಿಲೋಗ್ರಾಂ ಎಂಬುದನ್ನು ವಾಚಕರು ನೆನೆಯಬೇಕು. ಬಂಡಿಯೆಲ್ಲ ಬ್ಯಾಟರಿಯಾದರೆ ಚಕ್ರಕ್ಕೆ, ಯಂತ್ರಕ್ಕೆ, ಉಪಕರಣಕ್ಕೆ ಎಡೆಯೆಲ್ಲಿ?

ಮಂಗಳದಲ್ಲಿಯೂ ಈ ಕಂದಾಯ ಹಗುರವಲ್ಲ. 2021ರ ಏಪ್ರಿಲ್ 19ರಂದು ಅಲ್ಲಿ ಮೊದಲು ಹಾರಿದ ಇಂಜೆನ್ಯೂಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನ ತೂಕ 1.8 ಕಿಲೋಗ್ರಾಂ. ಅದರ ಬ್ಯಾಟರಿ ಆರು ಲಿಥಿಯಂ ಕೋಶಗಳದು. ರಾತ್ರಿಯ ಉಷ್ಣತೆ ಸೊನ್ನೆಗಿಂತ 90 ಡಿಗ್ರಿ ಕೆಳಗೆ ಇಳಿಯಬಲ್ಲುದು. ಆದುದರಿಂದ ಅದರ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಾರುವುದಕ್ಕಲ್ಲ, ಹೆಪ್ಪುಗಟ್ಟದೆ ಇರುವುದಕ್ಕೇ ವೆಚ್ಚವಾಗುತ್ತಿದ್ದಿತು. 2022ರ ಮೇ ತಿಂಗಳಲ್ಲಿ ಧೂಳು ಹೆಚ್ಚಿ ಬಿಸಿಲು ಕುಂದಿದಾಗ ಈ ವೆಚ್ಚವೂ ಹುಟ್ಟದಾಯಿತು. ಒಂದು ರಾತ್ರಿ ಬ್ಯಾಟರಿ ಸೋತು ಸಂಪರ್ಕ ತಪ್ಪಿತು. ಆಮೇಲೆ ಅದನ್ನು ಚಳಿಗೆ ಬಿಟ್ಟುಕೊಡದೆ ಬೇರೆ ಉಪಾಯವಿರಲಿಲ್ಲ. ರಾತ್ರಿ ಅದರ ಒಡಲು ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ ತಣ್ಣಗಾಗುವುದು, ಬೆಳಗಿನ ಬಿಸಿಲಿಗೆ ಮತ್ತೆ ಎಚ್ಚರಗೊಳ್ಳುವುದು, ಹೀಗೆ ದಿನಗಳು ಸಾಗಿದವು. ಇಷ್ಟಾದರೂ ಅದು ಬದುಕಿ, 2024ರ ಜನವರಿ 18ರ ವರೆಗೆ ಒಟ್ಟು 72 ಬಾರಿ ಹಾರಿತು. ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಚಂದ್ರನ ದೀರ್ಘ ಇರುಳಿಗೆ ರಷ್ಯನ್ನರು ಬೇರೊಂದು ಉಪಾಯವನ್ನು ಹೂಡಿದರು. 1970ರ ನವೆಂಬರ್ 17ರಂದು ಇಳಿದ ಲೂನೊಖೋದ್-1 ಬಂಡಿಯಲ್ಲಿ ಪೊಲೋನಿಯಂ-210 ಎಂಬ ವಿಕಿರಣಶೀಲ ಧಾತುವಿನ ಒಲೆಯನ್ನು ಇಟ್ಟಿದ್ದರು. ಇರುಳಾದೊಡನೆ ಬಂಡಿಯ ಮುಚ್ಚಳ ಮುಚ್ಚಿಕೊಳ್ಳುತ್ತಿದ್ದಿತು. ಒಳಗೆ ಪೊಲೋನಿಯಂ ತಾನೇ ಸವೆಯುತ್ತ ಕಾವು ಕೊಡುತ್ತಿದ್ದಿತು. ಹೀಗೆ ಆ ಬಂಡಿ ಹತ್ತು ತಿಂಗಳ ಕಾಲ ಬಾಳಿತು. 2004ರಲ್ಲಿ ಮಂಗಳಕ್ಕೆ ಇಳಿದ ಸ್ಪಿರಿಟ್ ಮತ್ತು ಆಪರ್ಚ್ಯುನಿಟಿ ಬಂಡಿಗಳಲ್ಲಿ ಪ್ಲುಟೋನಿಯಂ-238ರ ಎಂಟೆಂಟು ಕಾವುಗುಂಡುಗಳಿದ್ದವು. ಒಂದೊಂದರ ತೂಕ ಸುಮಾರು 40 ಗ್ರಾಂ, ಕಾವು ಒಂದು ವ್ಯಾಟ್. ಹಿಂದೆ ಲೆಕ್ಕ ಹಾಕಿದ 10 ವ್ಯಾಟಿಗೆ ಇಂತಹ ಹತ್ತು ಗುಂಡು, 400 ಗ್ರಾಂ ಸಾಕು. ಇಪ್ಪತ್ತನಾಲ್ಕು ಕಿಲೋಗ್ರಾಂ ಎಲ್ಲಿ, ಇದೆಲ್ಲಿ! ಆದರೆ ಆ ಧಾತುವನ್ನು ತಯಾರಿಸುವುದು ಬಲು ತೊಡಕು, ಉಡಾವಣೆಯಲ್ಲಿ ಅನಾಹುತವಾದರೂ ಒಡೆಯದಂತೆ ಕಾಪಿಡುವುದು ಇನ್ನೂ ತೊಡಕು. ನಮ್ಮವರೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿದ್ದಾರೆ. ಚಂದ್ರಯಾನ-3ರ ನೋದನ ಘಟಕದಲ್ಲಿ ಒಂದೊಂದು ವ್ಯಾಟಿನ ಎರಡು ಕಾವುಗುಂಡುಗಳನ್ನು ಪರೀಕ್ಷೆಗಾಗಿ ಇಡಲಾಗಿದ್ದಿತು. ಆ ಘಟಕ ಚಂದ್ರನನ್ನು ಸುತ್ತುತ್ತ ಮೇಲೆಯೇ ಉಳಿಯಿತು. ನೆಲಕ್ಕಿಳಿದ ವಿಕ್ರಮ್, ಪ್ರಜ್ಞಾನ್‌ಗಳಿಗೆ ಅಂತಹ ಒಲೆಯಿರಲಿಲ್ಲ. ಅವುಗಳನ್ನು ಕಟ್ಟಿದುದೇ ಒಂದು ಚಾಂದ್ರ ಹಗಲಿಗಾಗಿ.

ರಾಣೆಬೆನ್ನೂರಿನ ಬೀಜ

ಬ್ಯಾಡಗಿಯಿಂದ ಹೊರಟ ನಾವು ಅದೇ ಸಂಜೆ ರಾಣೆಬೆನ್ನೂರಿನಲ್ಲಿ ಒಬ್ಬ ಬೀಜದ ವ್ಯಾಪಾರಿಯ ಅಂಗಡಿಯಲ್ಲಿ ಕುಳಿತೆವು. ಆ ಸೀಮೆ ಮಿಶ್ರತಳಿಯ ಬೀಜೋತ್ಪಾದನೆಗೆ ಹೆಸರಾದುದು. ಬೀಜವನ್ನು ತಂಪಿನಲ್ಲಿಡುವ ವಿಷಯ ಬಂದಾಗ ಅವರು ಹೇಳಿದ ಮಾತು ನಮ್ಮ ಕಿವಿಯಲ್ಲಿ ನಿಂತಿತು: "ತಂಪು ಬೀಜಾನ ಕೊಲ್ಲೂದಿಲ್ರಿ. ಒಳಗ ನೀರು ಉಳಿದಿದ್ರ ಕೊಲ್ಲತೈತಿ."

ಇದು ದಿಟ. ಚೆನ್ನಾಗಿ ಒಣಗಿದ ಬೀಜ ಹೆಪ್ಪುಗಟ್ಟಿಸುವ ಚಳಿಯಲ್ಲಿಯೂ ಜೀವವನ್ನು ಹಿಡಿದಿಟ್ಟುಕೊಂಡು ಮಲಗುತ್ತದೆ. ಹಸಿ ಬೀಜದಲ್ಲಾದರೋ ನೀರು ಮಂಜಾಗಿ ಹಿಗ್ಗಿ ಜೀವಕೋಶಗಳನ್ನು ಹರಿಯುತ್ತದೆ. ಕೊಲ್ಲುವುದು ಚಳಿಯಲ್ಲ, ಚಳಿ ಒಳಗೆ ಎಬ್ಬಿಸುವ ಹಿಗ್ಗು-ಕುಗ್ಗುಗಳ ಜಗ್ಗಾಟ. ನೌಕೆಗೂ ಈ ಮಾತು ಸಲ್ಲುತ್ತದೆ. ಲೋಹ, ಪ್ಲಾಸ್ಟಿಕ್, ಗಾಜು, ಬೆಸುಗೆ, ಇವು ತಣ್ಣಗಾದಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಒಂದಕ್ಕೊಂದು ಅಂಟಿದ ಕಡೆಗಳಲ್ಲಿ ಎಳೆದಾಟವಾಗುತ್ತದೆ, ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಬೆಸುಗೆಯೊಂದು ಬಿಟ್ಟರೆ ಸಾಕು, ಬ್ಯಾಟರಿ ತುಂಬಿದ್ದರೂ ತಂತಿ ಮೂಕ.

ಎರಡನೆಯ ಅಪಾಯ ಏಳುವಾಗ. ಸೂರ್ಯ ಮೂಡಿದೊಡನೆ ಸೌರಫಲಕ ವಿದ್ಯುತ್ತನ್ನು ಕೊಡತೊಡಗುತ್ತದೆ. ಆದರೆ ಬ್ಯಾಟರಿ ಇನ್ನೂ ಕಲ್ಲಾಗಿಯೇ ಇರುತ್ತದೆ. ಆಗಲೇ ಅದಕ್ಕೆ ವಿದ್ಯುತ್ತನ್ನು ತುಂಬಿದರೆ ಮೇಲೆ ಹೇಳಿದ ಲಿಥಿಯಂ ಸೂಜಿಗಳು ಬೆಳೆಯುತ್ತವೆ. ಆದುದರಿಂದ ಇರುಳನ್ನು ದಾಟಬೇಕಾದ ನೌಕೆಯಲ್ಲಿ ಮೊದಲ ಬಿಸಿಲಿನ ವಿದ್ಯುತ್ತು ಕಾವುಸುರುಳಿಗೆ ಹೋಗಬೇಕು. ಬ್ಯಾಟರಿ ಬೆಚ್ಚಗಾದ ಮೇಲೆ ಅದಕ್ಕೆ ತುಂಬಬೇಕು. ರೇಡಿಯೋ ಬಾಯಿ ತೆರೆಯುವುದು ಕಡೆಗೆ. ಈ ಸರದಿಯನ್ನು ನಡೆಸುವ ವಿದ್ಯುನ್ಮಂಡಲವೂ ಅದೇ ಚಳಿಯಲ್ಲಿ ಕೆಡದೆ ಉಳಿದಿರಬೇಕು. ಬೀಜವನ್ನು ನೆನೆಸಿ, ಕಾವು ಕೊಟ್ಟು, ಮೊಳಕೆ ಬರುವವರೆಗೆ ಕಾಯುವ ರೈತನ ತಾಳ್ಮೆಯನ್ನು ಯಂತ್ರಕ್ಕೆ ಮೊದಲೇ ಕಲಿಸಿಡಬೇಕೆಂದರಾಯಿತು.

ಇಂತಹ ಏಳುವಿಕೆ ಅಸಾಧ್ಯವೇನಲ್ಲ. 1966ನೆಯ ಜೂನ್ 2ರಂದು ಚಂದ್ರನಲ್ಲಿ ಇಳಿದ ಅಮೆರಿಕದ ಸರ್ವೇಯರ್-1 ಬೆಳ್ಳಿ-ಸತುವಿನ ಬ್ಯಾಟರಿಯನ್ನು ಹೊತ್ತಿದ್ದಿತು. ಇರುಳನ್ನು ಕಳೆದು ಅದು ಮತ್ತೆ ದನಿಗೊಟ್ಟಿತು, 1967ರ ಜನವರಿಯವರೆಗೂ ಅದರ ಸಂಪರ್ಕವಿದ್ದಿತು. 2024ರ ಜನವರಿ 20ರಂದು ಇಳಿದ ಜಪಾನಿನ ಸ್ಲಿಮ್ ನೌಕೆಯನ್ನು ಇರುಳಿಗಾಗಿ ಕಟ್ಟಿಯೇ ಇರಲಿಲ್ಲ. ಇಳಿಯುವಾಗ ಅದು ಮಗುಚಿಯೂ ಬಿದ್ದಿತ್ತು. ಆದರೂ ಫೆಬ್ರುವರಿ, ಮಾರ್ಚ್, ಏಪ್ರಿಲ್ ಮೂರು ತಿಂಗಳೂ ಇರುಳು ಕಳೆದ ಬಳಿಕ ಎದ್ದು ಉತ್ತರ ಕೊಟ್ಟಿತು. ಮಂಗಳದ ಪುಟ್ಟ ಹೆಲಿಕಾಪ್ಟರಿನ ಕಥೆಯನ್ನು ಆಗಲೇ ಕಂಡೆವು. ಚಳಿಯನ್ನು ಮರಣವೆಂದು ತಿಳಿಯಬೇಕಾಗಿಲ್ಲ. ಅದೊಂದು ನಿದ್ರೆ. ಆದರೆ ಎದ್ದೇ ಏಳುವೆವೆಂಬ ಭರವಸೆಯಿಲ್ಲದ ನಿದ್ರೆ. ಆ ಭರವಸೆಯನ್ನು ಕೂಡಿಸಿಕೊಡುವುದೇ ಇನ್ನು ಮುಂದಣ ವಿನ್ಯಾಸಕರ ಹೊಣೆ. ಭಾರತ ಮತ್ತು ಜಪಾನುಗಳು ಕೂಡಿ ಕೈಗೊಂಡಿರುವ, 2025ರಲ್ಲಿ ನಮ್ಮ ಸರ್ಕಾರದ ಒಪ್ಪಿಗೆ ಪಡೆದ ಚಂದ್ರಯಾನ-5 ದಕ್ಷಿಣ ಧ್ರುವದ ಬಳಿ ನೀರನ್ನು ಹುಡುಕಬೇಕಾಗಿದೆ. ಆ ಹುಡುಕಾಟ ಒಂದು ಹಗಲಿನಲ್ಲಿ ಮುಗಿಯುವಂತಹುದಲ್ಲ.

ಊರಿಗೆ ಮರಳಿದ ಮೇಲೆ ಆ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬರೆದೆವು. ಹುಡುಗಿಯ ಪ್ರಶ್ನೆಗೆ ಅದರಲ್ಲಿ ಕೊಟ್ಟ ಉತ್ತರ ಇಷ್ಟು: "ಬ್ಯಾಟರಿಯಲ್ಲಿ ತುಂಬಿದ್ದುದನ್ನು ಚಳಿ ಕದಿಯಲಿಲ್ಲ. ಅದರ ಕೈಕಾಲುಗಳನ್ನು ಕಟ್ಟಿಹಾಕಿತು. ಕಟ್ಟನ್ನು ಬಿಚ್ಚುವ ಒಲೆಯನ್ನು ನಾವು ಕಳುಹಿಸಿರಲಿಲ್ಲ, ಏಕೆಂದರೆ ಹದಿನಾಲ್ಕು ದಿನಗಳ ಕೆಲಸಕ್ಕೆ ಅದು ಬೇಕಾಗಿರಲಿಲ್ಲ. ಆ ಕೆಲಸವನ್ನು ಎರಡೂ ಪೂರೈಸಿದ್ದವು. ಎದ್ದಿದ್ದರೆ ಅದು ಲಾಭವಾಗುತ್ತಿತ್ತು. ಏಳದಿದ್ದುದು ಸೋಲಲ್ಲ. ನಿಮ್ಮ ಊರಿನಿಂದ ಬ್ಯಾಡಗಿ ದೂರವಿಲ್ಲ. ಗುರುಗಳೊಡನೆ ಹೋಗಿ, ಮೆಣಸಿನಕಾಯಿಯನ್ನು ಚಳಿ ಹೇಗೆ ಕಾಯುತ್ತದೆಂಬುದನ್ನು ಒಮ್ಮೆ ನೋಡಿ ಬಾ. ಚಳಿಯಲ್ಲಿಯೂ ಹರಿಯುವ, ಗ್ರಾಫೈಟನ್ನೂ ಕೆಡಿಸದ ದ್ರವವನ್ನು ಇನ್ನೂ ಹುಡುಕುತ್ತಿದ್ದಾರೆ. ಹುಡುಕುವವರು ಇನ್ನಷ್ಟು ಮಂದಿ ಬೇಕು."